ನೇರ ಮಾಡಿಸಿದ ಕೂದಲು ಸಹಜಕ್ಕೆ ಮರಳುವಾಗ ಮಾತ್ರೆ ಬೇಕೆ?

ಕೂದಲನ್ನು ನೇರ ಮಾಡಿಸಿಕೊಳ್ಳುವುದು ಈಗ ದೊಡ್ಡ ಊರಿನವರ ಶೋಕಿಯಾಗಿ ಉಳಿದಿಲ್ಲ. ಸಣ್ಣ ಪಟ್ಟಣದ ಬ್ಯೂಟಿ ಪಾರ್ಲರಿನಲ್ಲೂ ಸ್ಮೂದನಿಂಗ್, ರೀಬಾಂಡಿಂಗ್, ಕೆರಾಟಿನ್ ಎಂಬ ಹೆಸರುಗಳಿರುವ ದರಪಟ್ಟಿ ಗೋಡೆಯ ಮೇಲೆ ಕಾಣುತ್ತದೆ. ಕಾಲೇಜಿಗೆ ಸೇರುವಾಗ, ಮದುವೆ ಗೊತ್ತಾದಾಗ ಹೆಣ್ಣುಮಕ್ಕಳು ಮಾಡಿಸಿಕೊಳ್ಳುತ್ತಾರೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಖರ್ಚು, ತುದಿ ಸೀಳುವುದು, ಕೂದಲು ಉದುರುವುದು ಎಲ್ಲ ಸೇರಿ ಸಾಕಪ್ಪಾ ಸಾಕು ಎನಿಸುತ್ತದೆ. "ಇನ್ನು ನನ್ನ ಗುಂಗುರು ಕೂದಲೇ ಇರಲಿ" ಎಂದು ನಿರ್ಧರಿಸುತ್ತಾರೆ.

ನಿಜವಾದ ತಾಳ್ಮೆಯ ಪರೀಕ್ಷೆ ಆಗ ಆರಂಭವಾಗುತ್ತದೆ. ನೆತ್ತಿಯ ಹತ್ತಿರ ಗುಂಗುರು, ಅದರ ಕೆಳಗೆ ಕಡ್ಡಿಯಂತೆ ನೇರ. ಬಾಚಿದರೆ ತುಂಡು ತುಂಡಾಗಿ ಬಾಚಣಿಗೆಗೆ ಬರುತ್ತದೆ. ಮಗಳಿಗೆ ಗಾಬರಿ, ತಾಯಿಗೆ ಅದಕ್ಕಿಂತ ಹೆಚ್ಚು ಗಾಬರಿ. ಔಷಧಿ ಅಂಗಡಿಗೆ ಹೋಗಿ "ಕೂದಲಿಗೆ ಒಳ್ಳೆಯ ಮಾತ್ರೆ ಕೊಡಿ" ಎಂದು ಕೇಳುತ್ತಾರೆ. ಬಯೋಟಿನ್, ಸತು, ಕೊಲಾಜೆನ್ ಎಂದು ಡಬ್ಬಿಗಳು ಮನೆಗೆ ಬರುತ್ತವೆ. ಇವುಗಳನ್ನು ನುಂಗಿದರೆ ಗುಂಗುರು ಬೇಗ ಮರಳುತ್ತದೆಯೆ? ಕೂದಲಿನ ಹದ ಸುಧಾರಿಸುತ್ತದೆಯೆ? ಏನಾದರೂ ಅಪಾಯವಿದೆಯೆ? ಇವನ್ನು ಒಂದೊಂದಾಗಿ ನೋಡೋಣ.

ಹೊರಗೆ ಬಂದ ಕೂದಲಿಗೆ ಜೀವವಿಲ್ಲ

ಕೂದಲು ಹುಟ್ಟುವುದು ಚರ್ಮದೊಳಗಿನ ರೋಮಕೂಪದಲ್ಲಿ. ಅದರ ತಳದಲ್ಲಿರುವ ಜೀವಕೋಶಗಳು ಬಿಡುವಿಲ್ಲದೆ ವಿಭಜನೆಯಾಗುತ್ತಾ ಮೇಲಕ್ಕೆ ಸಾಗುತ್ತವೆ. ಸಾಗುವಾಗಲೇ ಅವು ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿ, ಗಟ್ಟಿಯಾಗಿ, ಸಾಯುತ್ತವೆ. ಚರ್ಮದಿಂದ ಹೊರಗೆ ಕಾಣುವ ಎಳೆಯಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಕತ್ತರಿಸಿದರೆ ನೋವಾಗದಿರುವುದಕ್ಕೆ ಇದೇ ಕಾರಣ.

ನಾವು ನುಂಗಿದ ಮಾತ್ರೆಯಾಗಲಿ, ಉಂಡ ಅನ್ನವಾಗಲಿ ರಕ್ತದ ಮೂಲಕ ರೋಮಕೂಪದ ತಳಕ್ಕೆ ಮಾತ್ರ ತಲುಪುತ್ತದೆ. ಈಗಾಗಲೇ ಹೊರಗೆ ಬಂದ ಎಳೆಗೆ ಅದು ತಲುಪುವ ದಾರಿಯೇ ಇಲ್ಲ. ಪಾರ್ಲರಿನಲ್ಲಿ ನೇರವಾದ ಭಾಗವನ್ನು ಯಾವ ಮಾತ್ರೆಯೂ ಮತ್ತೆ ಗುಂಗುರು ಮಾಡಲಾರದು, ಸೀಳಿದ ತುದಿಯನ್ನು ಕೂಡಿಸಲಾರದು.

ಗುಂಗುರು ಬರುವುದು ಎಲ್ಲಿಂದ?

ಕೂದಲು ನೇರವೋ, ಅಲೆಯೋ, ಗುಂಗುರೋ ಎಂಬುದನ್ನು ಮುಖ್ಯವಾಗಿ ರೋಮಕೂಪದ ಆಕಾರ ನಿರ್ಧರಿಸುತ್ತದೆ. ನೇರ ಕೂದಲಿನವರಲ್ಲಿ ರೋಮಕೂಪ ನೆಟ್ಟಗಿರುತ್ತದೆ, ಎಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ದುಂಡಗೆ ಕಾಣುತ್ತದೆ. ಗುಂಗುರು ಕೂದಲಿನವರಲ್ಲಿ ರೋಮಕೂಪ ಬಾಗಿರುತ್ತದೆ, ಎಳೆ ಚಪ್ಪಟೆಯಾಗಿ ಮೊಟ್ಟೆಯಾಕಾರದಲ್ಲಿರುತ್ತದೆ. ಎಳೆಯ ಒಂದು ಪಕ್ಕದ ಜೀವಕೋಶಗಳು ಇನ್ನೊಂದು ಪಕ್ಕದವುಗಳಂತೆ ಬೆಳೆಯದೆ ಇರುವುದರಿಂದ ಎಳೆ ಸುರುಳಿ ಸುತ್ತುತ್ತದೆ. ಈ ಆಕಾರ ತಂದೆತಾಯಿಯರಿಂದ ಬಂದ ಬಳುವಳಿ. ಇಡ್ಲಿ ತಟ್ಟೆಯ ಗುಳಿ ಹೇಗಿದೆಯೋ ಇಡ್ಲಿಯೂ ಹಾಗೆಯೇ ಬರುತ್ತದೆ, ಹಿಟ್ಟಿಗೆ ಏನು ಬೆರೆಸಿದರೂ ಗುಳಿಯ ಆಕಾರ ಬದಲಾಗುವುದಿಲ್ಲ. ರೋಮಕೂಪದ ವಿಚಾರವೂ ಹಾಗೆಯೇ.

ಆದರೂ ಕೆಲವರಲ್ಲಿ ವಯಸ್ಸಿನೊಂದಿಗೆ ಈ ಹದ ಬದಲಾಗುವುದುಂಟು. ಹುಡುಗಿ ದೊಡ್ಡವಳಾದಾಗ, ಬಸುರಿನಲ್ಲಿ, ಮುಟ್ಟು ನಿಂತ ಮೇಲೆ ರಸದೂತಗಳ ಏರಿಳಿತದಿಂದ ಕೂದಲಿನ ಸುರುಳಿ ಹೆಚ್ಚು ಕಡಿಮೆಯಾಗಬಹುದು. ಕ್ಯಾನ್ಸರಿನ ಔಷಧಿಯಿಂದ ಉದುರಿದ ಕೂದಲು ಮತ್ತೆ ಬರುವಾಗ ಗುಂಗುರಾಗಿ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೋಯೇಟ್ ಔಷಧಿಯಿಂದಲೂ ಕೆಲವರ ಕೂದಲು ಸುರುಳಿಯಾಗುತ್ತದೆ.

ಪಾರ್ಲರಿನಲ್ಲಿ ನಡೆಯುವುದೇನು?

ಕೆರಾಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದಿಟ್ಟಿರುವುದು ಗಂಧಕದ ಕೊಂಡಿಗಳು. ರೀಬಾಂಡಿಂಗ್, ಸ್ಮೂದನಿಂಗ್‌ನಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೊಲೇಟಿನಂಥ ರಾಸಾಯನಿಕ ಹಚ್ಚಿ ಈ ಕೊಂಡಿಗಳನ್ನು ಒಡೆಯುತ್ತಾರೆ. ಬಿಸಿ ಇಸ್ತ್ರಿಯಿಂದ ಎಳೆಯನ್ನು ನೆಟ್ಟಗೆ ಎಳೆದು, ಹೈಡ್ರೋಜನ್ ಪೆರಾಕ್ಸೈಡ್ ಇರುವ ಇನ್ನೊಂದು ದ್ರವದಿಂದ ಅದೇ ಭಂಗಿಯಲ್ಲಿ ಕೊಂಡಿಗಳನ್ನು ಮತ್ತೆ ಕೂಡಿಸುತ್ತಾರೆ. ಒಡೆದದ್ದೆಲ್ಲ ಮತ್ತೆ ಕೂಡುವುದಿಲ್ಲ. ಕೂದಲು ನೇರವಾಗುತ್ತದೆ, ಜೊತೆಗೆ ದುರ್ಬಲವೂ ಆಗುತ್ತದೆ. ಕೆರಾಟಿನ್ ಎಂದು ಕರೆಯುವ ಕೆಲವು ವಿಧಾನಗಳಲ್ಲಿ ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಗ್ಲೈಆಕ್ಸಿಲಿಕ್ ಆಮ್ಲವಿದ್ದ ಕ್ರೀಮಿನಿಂದ ಮೂರು ಸಲ ಕೂದಲು ನೇರ ಮಾಡಿಸಿಕೊಂಡ ಟುನೀಷಿಯಾದ 26 ವರ್ಷದ ಮಹಿಳೆಯೊಬ್ಬರಿಗೆ ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟಾದುದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ನಿಲ್ಲಿಸುವ ನಿರ್ಧಾರ ಒಳ್ಳೆಯದೇ.

ರಾಸಾಯನಿಕ ಬದಲಿಸುವುದು ಹೊರಗಿರುವ ಎಳೆಯನ್ನು ಮಾತ್ರ. ನೆತ್ತಿ ಸುಟ್ಟು ಕಲೆಯಾಗದೆ ಇದ್ದರೆ ಒಳಗಿನ ರೋಮಕೂಪ ಮೊದಲಿನಂತೆಯೇ ಇರುತ್ತದೆ. ಹೊಸದಾಗಿ ಬರುವ ಕೂದಲು ತನ್ನ ಹುಟ್ಟುಗುಣದಂತೆ ತಾನಾಗಿ ಬರುತ್ತದೆ, ಅದಕ್ಕೆ ಮಾತ್ರೆಯ ಪ್ರೇರಣೆ ಬೇಕಿಲ್ಲ.

ಎಷ್ಟು ದಿನ ಕಾಯಬೇಕು?

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್, ಅಂದರೆ ಸುಮಾರು ಒಂದು ಅಡಿ ಸಹಜ ಕೂದಲು ಬರಬೇಕಾದರೆ ಎರಡೂವರೆ ವರ್ಷ ಬೇಕು. ಈ ಅವಧಿಯಲ್ಲಿ ಹೊಸ ಕೂದಲು ಹಳೆಯ ಕೂದಲನ್ನು ಸೇರುವ ಗಡಿಯೇ ಎಲ್ಲಕ್ಕಿಂತ ದುರ್ಬಲ ಜಾಗ. ಒಂದು ಕಡೆ ಸುರುಳಿ, ಇನ್ನೊಂದು ಕಡೆ ನೇರ, ನಡುವೆ ಎಳೆತ. ಬಾಚಿದಾಗ ಬಹುಪಾಲು ತುಂಡಾಗುವುದು ಅಲ್ಲೇ.

ಉದುರುವುದಕ್ಕೂ ತುಂಡಾಗುವುದಕ್ಕೂ ವ್ಯತ್ಯಾಸವಿದೆ. ಬುಡದಿಂದ ಉದುರಿದ ಕೂದಲು ಉದ್ದವಾಗಿದ್ದು ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಇರುತ್ತದೆ. ತುಂಡಾದದ್ದು ಗಿಡ್ಡವಾಗಿರುತ್ತದೆ, ಗಂಟು ಇರುವುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಬುಡದಿಂದ ಉದುರುವುದು ಸಹಜ. ತುಂಡಾಗುವುದೇ ಹೆಚ್ಚಾಗಿದ್ದರೆ ಅದಕ್ಕೆ ಮದ್ದು ಬಾಚುವ ಕ್ರಮದಲ್ಲಿದೆ, ಮಾತ್ರೆಯಲ್ಲಿಲ್ಲ. ಬುಡದಿಂದ ಉದುರುವುದು ಹೆಚ್ಚಾಗಿದ್ದರೆ ಮಾತ್ರ ದೇಹದೊಳಗೆ ಕಾರಣ ಹುಡುಕಬೇಕು.

ಈ ಮರಳುವ ಅವಧಿಗೆ ಟ್ರಾನ್ಸಿಷನಿಂಗ್ ಎಂಬ ಹೆಸರು ರೂಢಿಗೆ ಬಂದದ್ದು ಅಮೆರಿಕದ ಕಪ್ಪು ಜನಾಂಗದ ಮಹಿಳೆಯರಿಂದ. ಅಲ್ಲಿ ತಲೆಮಾರುಗಳಿಂದ ಬಿಗಿ ಸುರುಳಿಯ ಕೂದಲನ್ನು ತೀಕ್ಷ್ಣ ಕ್ಷಾರಗಳಿಂದ ನೇರ ಮಾಡಿಸಿಕೊಳ್ಳಬೇಕಾದ ಒತ್ತಡವಿತ್ತು. ಶಾಲೆಯಲ್ಲಿ, ಕೆಲಸದಲ್ಲಿ ಸಹಜ ಕೂದಲಿನ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾಯಿದೆಯನ್ನೇ ತಂದಿತು. 2022ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನದ ಫಲ ಪ್ರಕಟಿಸಿದರು. 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ, ಕೂದಲು ನೇರ ಮಾಡುವ ರಾಸಾಯನಿಕ ಎಂದೂ ಬಳಸದವರಲ್ಲಿ ಶೇ. 1.64 ಇದ್ದರೆ ಪದೇ ಪದೇ ಬಳಸಿದವರಲ್ಲಿ ಶೇ. 4.05 ಎಂದು ಅಂದಾಜಿಸಲಾಯಿತು. ರಾಸಾಯನಿಕವೇ ಕ್ಯಾನ್ಸರಿಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ, ಆದರೆ ಎಚ್ಚರಿಕೆಗೆ ಇಷ್ಟು ಸಾಕು. ಸಹಜಕ್ಕೆ ಮರಳುವವರ ಸಂಖ್ಯೆ ಹೆಚ್ಚಿದಂತೆ ಕೂದಲಿನ ಮಾತ್ರೆಗಳ ವ್ಯಾಪಾರವೂ ಅವರ ಹಿಂದೆಯೇ ಬಂದಿತು. ನಮ್ಮಲ್ಲಿ ಈಗ ನಡೆದಿರುವುದೂ ಅದೇ.

ಆಹಾರಕ್ಕೂ ಕೂದಲಿನ ಹದಕ್ಕೂ ಸಂಬಂಧವೇ ಇಲ್ಲವೆ?

ಇದೆ, ಆದರೆ ಅದು ಕಾಣುವುದು ಕೊರತೆಯಲ್ಲಿ. ಎರಡು ಉದಾಹರಣೆ ನೋಡಿ.

ಆಫ್ರಿಕಾದ ಇಂದಿನ ಘಾನಾ ದೇಶದಲ್ಲಿ ಕೆಲಸ ಮಾಡುತ್ತಿದ್ದ ಡಾ. ಸಿಸಿಲಿ ವಿಲಿಯಮ್ಸ್ 1933ರಲ್ಲಿ ಪುಟ್ಟ ಮಕ್ಕಳ ಒಂದು ರೋಗವನ್ನು ವೈದ್ಯಲೋಕಕ್ಕೆ ಬಣ್ಣಿಸಿದರು. ಮುಂದೆ ಅದಕ್ಕೆ ಸ್ಥಳೀಯರ ಮಾತಿನಲ್ಲಿದ್ದ ಕ್ವಾಷಿಯಾರ್ಕರ್ ಎಂಬ ಹೆಸರನ್ನೇ ಉಳಿಸಿಕೊಂಡರು. ಮುಂದಿನ ಮಗು ಹುಟ್ಟಿದಾಗ ಎದೆಹಾಲು ತಪ್ಪಿದ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ. ಸತ್ವವಿಲ್ಲದ ಊಟದಿಂದ ಬರುವ ಈ ರೋಗದಲ್ಲಿ ಮೈ ಬಾತುಕೊಳ್ಳುತ್ತದೆ, ಕೂದಲು ತೆಳ್ಳಗಾಗಿ ಕೆಂಚಾಗುತ್ತದೆ, ಗುಂಗುರಿದ್ದರೆ ಅದು ಕಳೆದು ನೇರವಾಗುತ್ತದೆ. ಮಗುವಿಗೆ ಸರಿಯಾದ ಆಹಾರ ಸಿಕ್ಕಿದ ಮೇಲೆ ಬರುವ ಕೂದಲು ಮತ್ತೆ ಸಹಜವಾಗಿರುತ್ತದೆ. ಒಂದೇ ಎಳೆಯಲ್ಲಿ ಕಪ್ಪು, ಕೆಂಚು, ಕಪ್ಪು ಎಂದು ಬಾವುಟದ ಪಟ್ಟಿಗಳಂತೆ ಕಾಣುವುದೂ ಉಂಟು.

ಎರಡನೆಯದು ಕುರಿಗಳ ಕತೆ. ಆಸ್ಟ್ರೇಲಿಯದಲ್ಲಿ ತಾಮ್ರದ ಅಂಶ ಕಡಿಮೆಯಿದ್ದ ಹುಲ್ಲುಗಾವಲಿನಲ್ಲಿ ಮೇದ ಕುರಿಗಳ ಉಣ್ಣೆ ತನ್ನ ಅಲೆಯನ್ನು ಕಳೆದುಕೊಂಡು ಉಕ್ಕಿನ ತಂತಿಯಂತಾಗುತ್ತಿತ್ತು. ಮೆಲ್ಬರ್ನಿನ ಡಾ. ಡೇವಿಡ್ ಡ್ಯಾಂಕ್ಸ್ ಮೆಂಕೆಸ್ ಎಂಬ ಅಪರೂಪದ ಆನುವಂಶಿಕ ರೋಗದ ಮಕ್ಕಳ ಒರಟು, ತಿರುಚಿದ ಕೂದಲಿನಲ್ಲಿ ಆ ಉಣ್ಣೆಯ ಹೋಲಿಕೆ ಕಂಡರು. ಆ ಮಕ್ಕಳ ದೇಹ ಆಹಾರದಿಂದ ತಾಮ್ರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂದು 1972ರಲ್ಲಿ ಹೀಗೆ ತಿಳಿದುಬಂತು.

ಎರಡರಿಂದಲೂ ಕಲಿಯಬೇಕಾದ ಪಾಠ ಒಂದೇ. ಅಗತ್ಯ ಪೋಷಕಾಂಶ ತೀರ ಕಡಿಮೆಯಾದಾಗ ಕೂದಲಿನ ಹದ ಕೆಡುತ್ತದೆ, ಕೊರತೆ ತುಂಬಿದರೆ ಹುಟ್ಟುಗುಣಕ್ಕೆ ಮರಳುತ್ತದೆ. ಕೊರತೆ ಇಲ್ಲದವರು ಎಷ್ಟು ನುಂಗಿದರೂ ಹುಟ್ಟುಗುಣವನ್ನು ಮೀರಿದ ಸುರುಳಿಯಾಗಲಿ, ವೇಗವಾಗಲಿ ಬರುವುದಿಲ್ಲ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ.

ಬಯೋಟಿನ್: ಬೇಕಾದದ್ದು ಎಷ್ಟು, ನುಂಗುವುದು ಎಷ್ಟು?

ಬಯೋಟಿನ್ 'ಬಿ' ಗುಂಪಿನ ಒಂದು ಜೀವಸತ್ವ. ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು ಎಂಬುದು ಅಮೆರಿಕದ ಮಾನದಂಡ. ಕಡಲೆಕಾಯಿ, ಮೊಟ್ಟೆಯ ಹಳದಿ, ಕಾಳುಗಳಲ್ಲಿ ಇದಿದೆ. ಕೂದಲಿಗೆಂದು ಮಾರುವ ಅನೇಕ ಮಾತ್ರೆಗಳಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ, ಅಗತ್ಯಕ್ಕಿಂತ ಮುನ್ನೂರು ಪಟ್ಟಿಗೂ ಹೆಚ್ಚು.

ಬಯೋಟಿನ್ ಕೊರತೆ ಅಪರೂಪ. ಹಸಿ ಮೊಟ್ಟೆಯ ಬಿಳಿ ಭಾಗವನ್ನು ಬಹುಕಾಲ ತಿನ್ನುವವರಲ್ಲಿ, ಅಪಸ್ಮಾರದ ಕೆಲವು ಔಷಧಿಗಳನ್ನು ದೀರ್ಘಕಾಲ ಸೇವಿಸುವವರಲ್ಲಿ, ಹುಟ್ಟಿನಿಂದಲೇ ಒಂದು ಕಿಣ್ವದ ದೋಷವಿರುವ ಮಕ್ಕಳಲ್ಲಿ ಕಾಣಬಹುದು. ಕೂದಲು, ಉಗುರಿನ ತೊಂದರೆಗೆ ಬಯೋಟಿನ್ ಕೊಟ್ಟು ಗುಣವಾದ ಪ್ರಕರಣಗಳನ್ನು 2017ರಲ್ಲಿ ವೈದ್ಯರು ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದು 18 ಮಾತ್ರ. ಅವರೆಲ್ಲರಲ್ಲೂ ಕೂದಲು ಅಥವಾ ಉಗುರು ಕೆಡಲು ಮೂಲ ದೋಷವೊಂದು ಇತ್ತು. ಆರೋಗ್ಯವಂತರ ಕೂದಲಿನ ಹದವನ್ನು ಅದು ಬದಲಿಸುತ್ತದೆ ಎನ್ನಲು ಇದರಿಂದ ಆಧಾರ ಸಿಗಲಿಲ್ಲ.

ಹಾಗಾದರೆ "ನುಂಗಿದ ಮೇಲೆ ನನಗೆ ಗುಂಗುರು ಬಂತು" ಎನ್ನುವವರು ಸುಳ್ಳು ಹೇಳುತ್ತಾರೆಯೆ? ಇಲ್ಲ. ಪಾರ್ಲರ್ ನಿಲ್ಲಿಸಿದ ತಿಂಗಳಲ್ಲೇ ಅವರು ಮಾತ್ರೆ ಶುರು ಮಾಡಿರುತ್ತಾರೆ. ಆರು ತಿಂಗಳಲ್ಲಿ ಬುಡದಲ್ಲಿ ಆರು ಸೆಂಟಿಮೀಟರ್ ಸಹಜ ಕೂದಲು ಹೇಗೂ ಬರುತ್ತಿತ್ತು. ಕಾಲ ಮಾಡಿದ ಕೆಲಸದ ಕೀರ್ತಿ ಮಾತ್ರೆಗೆ ಸಂದಿರುತ್ತದೆ.

ರಕ್ತಪರೀಕ್ಷೆಯ ದಾರಿ ತಪ್ಪಿಸುವ ಮಾತ್ರೆ

"ಒಳ್ಳೆಯದಾಗದಿದ್ದರೆ ಬೇಡ, ಕೆಟ್ಟದ್ದಂತೂ ಮಾಡುವುದಿಲ್ಲವಲ್ಲ" ಎಂದು ಹಲವರು ಹೇಳುತ್ತಾರೆ. ಮನೆಮಂದಿಯೆಲ್ಲ ಈ ಭಾಗವನ್ನು ಗಮನವಿಟ್ಟು ಓದಬೇಕು.

ಅನೇಕ ಪ್ರಯೋಗಾಲಯಗಳು ರಕ್ತಪರೀಕ್ಷೆಯ ರಾಸಾಯನಿಕ ಕ್ರಿಯೆಯಲ್ಲೇ ಬಯೋಟಿನ್ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ವಿಪರೀತ ಇದ್ದರೆ ಯಂತ್ರ ತಪ್ಪು ಅಂಕಿ ತೋರಿಸಬಹುದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯಲ್ಲಿ ನಿಜಕ್ಕಿಂತ ಕಡಿಮೆ ಬಂದು, ಎದೆನೋವಿನ ರೋಗಿಗೆ ಏನೂ ಆಗಿಲ್ಲ ಎಂಬ ವರದಿ ಸಿಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರ ನವೆಂಬರಿನಲ್ಲಿ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತು. ಹೆಚ್ಚು ಬಯೋಟಿನ್ ಸೇವಿಸುತ್ತಿದ್ದು, ಟ್ರೋಪೋನಿನ್ ತಪ್ಪಾಗಿ ಕಡಿಮೆ ಬಂದ ರೋಗಿಯೊಬ್ಬರು ಮೃತಪಟ್ಟ ವರದಿ ತನಗೆ ಬಂದಿದೆ ಎಂದೂ ಅದು ತಿಳಿಸಿತು.

ಥೈರಾಯ್ಡ್ ಪರೀಕ್ಷೆಯಲ್ಲೂ ಇದೇ ತೊಡಕು. ಬಯೋಟಿನ್‌ನಿಂದ ಟಿ.ಎಸ್.ಎಚ್. ಕಡಿಮೆಯಾಗಿಯೂ ಥೈರಾಯ್ಡ್ ರಸದೂತ ಹೆಚ್ಚಾಗಿಯೂ ಕಾಣಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಥೈರಾಯ್ಡ್ ಗ್ರಂಥಿ ಮಂದವಾದಾಗ ಕೂದಲು ಒಣಗಿ, ಒರಟಾಗಿ ಉದುರುತ್ತದೆ. ಅದನ್ನು ಸ್ಮೂದನಿಂಗ್ ನಿಲ್ಲಿಸಿದ್ದರ ಪರಿಣಾಮವೆಂದು ತಿಳಿದು ಬಯೋಟಿನ್ ನುಂಗಿದರೆ, ನಿಜವಾದ ಕಾಯಿಲೆ ರಕ್ತಪರೀಕ್ಷೆಯಲ್ಲೂ ಮರೆಯಾಗಿಬಿಡಬಹುದು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು ಎಂಬುದು ತಜ್ಞರ ಸಲಹೆ. ಹೆಚ್ಚಿನ ಪ್ರಮಾಣ ಸೇವಿಸುವವರು ವೈದ್ಯರನ್ನು ಕೇಳಿ ಇನ್ನೂ ಮೊದಲೇ ನಿಲ್ಲಿಸಬೇಕಾಗಬಹುದು. ಎದೆನೋವಿನಂಥ ತುರ್ತಿನಲ್ಲಿ ನಿಲ್ಲಿಸಲು ಸಮಯವಿರುವುದಿಲ್ಲ. ಆಗ ಮನೆಯವರು "ಇವರು ಕೂದಲಿನ ಮಾತ್ರೆ ನುಂಗುತ್ತಾರೆ" ಎಂದು ವೈದ್ಯರಿಗೆ ಮೊದಲೇ ಹೇಳಬೇಕು.

ಅತಿಯಾದರೆ ಅಮೃತವೂ ವಿಷ

ವಿಟಮಿನ್ 'ಎ': ಕೂದಲಿಗೆ ಬೇಕಾದದ್ದೇ. ಆದರೆ ಹೆಚ್ಚಾದರೆ ಅದರಿಂದಲೇ ಕೂದಲು ಒಣಗಿ ಉದುರುತ್ತದೆ. ರೆಟಿನಾಲ್ ರೂಪದಲ್ಲಿ ದಿನಕ್ಕೆ 3,000 ಮೈಕ್ರೋಗ್ರಾಂ ಮೀರಬಾರದು. ಬಸುರಿಯರಿಗೆ ಅತಿಯಾದರೆ ಹುಟ್ಟುವ ಮಗುವಿಗೆ ಅಂಗದೋಷ ಬರುವ ಅಪಾಯವಿದೆ. ಮದುವೆಗೆಂದು ಕೂದಲು ನೇರ ಮಾಡಿಸಿ, ಮದುವೆಯಾದ ಮೇಲೆ ಸಹಜಕ್ಕೆ ಮರಳಲು ಮಾತ್ರೆ ನುಂಗುವ ಹೆಣ್ಣುಮಕ್ಕಳು ಇದನ್ನು ಮರೆಯಬಾರದು. ಸೊಪ್ಪು, ಕ್ಯಾರೆಟ್‌ನಲ್ಲಿರುವ ಹಳದಿ ವರ್ಣದ್ರವ್ಯದಿಂದ ಈ ಭಯವಿಲ್ಲ.

ಸೆಲೆನಿಯಂ: 2008ರಲ್ಲಿ ಅಮೆರಿಕದಲ್ಲಿ ಒಂದು ಪೂರಕ ದ್ರವ ತಯಾರಾಗುವಾಗ ಲೆಕ್ಕ ತಪ್ಪಿ, ಚೀಟಿಯಲ್ಲಿ ನಮೂದಿಸಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಯಿತು. 201 ಜನ ಅಸ್ವಸ್ಥರಾದರು. ಭೇದಿ, ಸುಸ್ತು, ಕೀಲುನೋವಿನ ಜೊತೆ ಬಹಳ ಮಂದಿಯ ಕೂದಲು ಉದುರಿತು, ಉಗುರು ಕೆಟ್ಟಿತು.

ಸತು: ಕೊರತೆಯಿದ್ದರೆ ಕೂದಲು ಉದುರುವುದು ನಿಜ. ಆದರೆ ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಕರುಳಿನಲ್ಲಿ ತಾಮ್ರ ಹೀರಲ್ಪಡುವುದನ್ನು ತಡೆಯುತ್ತದೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ನರದೌರ್ಬಲ್ಯ ಬರಬಹುದು.

ಎರಡು ಮೂರು ಬಗೆಯ ಮಾತ್ರೆಗಳನ್ನು ಒಟ್ಟಿಗೆ ನುಂಗುವವರಲ್ಲಿ ಒಂದೇ ಅಂಶ ಎಲ್ಲದರಲ್ಲೂ ಇದ್ದು, ಒಟ್ಟು ಮೊತ್ತ ಗಮನಕ್ಕೆ ಬಾರದೆ ಮಿತಿ ಮೀರುತ್ತದೆ.

ನಮ್ಮಲ್ಲಿ ನಿಜವಾಗಿ ಇರುವ ಕೊರತೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಅಂದರೆ ಸರಿಸುಮಾರು ಇಬ್ಬರಲ್ಲಿ ಒಬ್ಬರು. ಇದಕ್ಕೆ ಕಬ್ಬಿಣಾಂಶದ ಕೊರತೆ ಒಂದು ದೊಡ್ಡ ಕಾರಣ. ಕಬ್ಬಿಣ ಕಡಿಮೆಯಾದರೆ ಕೂದಲು ತೆಳುವಾಗಿ, ಒಣಗಿ, ಹೆಚ್ಚಾಗಿ ಉದುರಬಹುದು. ಸುಸ್ತು, ಏದುಸಿರು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇದರ ಇತರ ಲಕ್ಷಣಗಳು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹುಡುಗಿಯರು ವಿಶೇಷವಾಗಿ ಗಮನಿಸಬೇಕು.

ಹಿಮೋಗ್ಲೋಬಿನ್ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲೂ ಆಗುತ್ತದೆ. ಬಸುರಿಯಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಕರಗಿರಬಹುದು. ಅದನ್ನು ಫೆರಿಟಿನ್ ಪರೀಕ್ಷೆ ತೋರಿಸುತ್ತದೆ. ದುಬಾರಿ ಕೂದಲಿನ ಮಾತ್ರೆಯ ಬದಲು ಈ ಪರೀಕ್ಷೆಗೆ ಹಣ ಹಾಕುವುದು ಮೇಲು.

10ರಿಂದ 19 ವರ್ಷದ ಮಕ್ಕಳಿಗೆ ವಾರಕ್ಕೊಂದರಂತೆ ಶಾಲೆ, ಅಂಗನವಾಡಿಗಳ ಮೂಲಕ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಉಚಿತವಾಗಿ ಕೊಡುವ ಯೋಜನೆ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಆ ಮಾತ್ರೆಯನ್ನು ಚೀಲದಲ್ಲೇ ಮರೆತು, ಬಣ್ಣದ ಡಬ್ಬಿಗೆ ಸಾವಿರಾರು ರೂಪಾಯಿ ಕೊಡುವುದು ಜಾಣತನವಲ್ಲ. ಆದರೆ ಕೊರತೆ ಇಲ್ಲದವರು ತಾವಾಗಿ ಹೆಚ್ಚು ಕಬ್ಬಿಣ ನುಂಗಬಾರದು. ಕಬ್ಬಿಣದ ಮಾತ್ರೆಗಳು ಪುಟ್ಟ ಮಕ್ಕಳ ಕೈಗೆ ಸಿಗದಂತೆಯೂ ಇಡಬೇಕು. ಮಿಠಾಯಿ ಎಂದು ನಾಲ್ಕಾರು ನುಂಗಿದರೆ ಪ್ರಾಣಕ್ಕೇ ಅಪಾಯ.

ಪಟ್ಟಾಗಿ ಊಟ ಬಿಟ್ಟು ತೂಕ ಇಳಿಸಿದರೆ, ಡೆಂಗಿ, ಟೈಫಾಯಿಡ್‌ನಂಥ ಜ್ವರ ಬಂದು ಹೋದರೆ ಎರಡು ಮೂರು ತಿಂಗಳ ನಂತರ ಕೂದಲು ರಾಶಿಯಾಗಿ ಉದುರುತ್ತದೆ. ಇದು ತಾತ್ಕಾಲಿಕ. ಕಾರಣ ಹೋದ ಮೇಲೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ.

ಮೊದಲ ಮದ್ದು ಅಡುಗೆಮನೆಯಲ್ಲಿ

ಕೂದಲು ಬಹುಪಾಲು ಪ್ರೋಟೀನ್. ಭಾರತೀಯರ ಅಗತ್ಯ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 50 ಕಿಲೋ ತೂಗುವವರಿಗೆ ಸುಮಾರು 42 ಗ್ರಾಂ. ಅನ್ನ, ತಿಳಿಸಾರು, ಉಪ್ಪಿನಕಾಯಿಯ ಊಟದಲ್ಲಿ ಇಷ್ಟು ಸಿಗುವುದಿಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 8.8 ಮಿಲಿಗ್ರಾಂ ಕಬ್ಬಿಣ ಇದೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಮುದ್ದೆಯ ಜೊತೆ ಹುರುಳಿ ಸಾರು ಅಥವಾ ಮೊಳಕೆ ಕಾಳಿನ ಸಾರು, ಸಂಜೆ ಉಸಲಿ, ಒಂದು ಹಿಡಿ ಕಡಲೆಕಾಯಿ, ವಾರಕ್ಕೆ ಮೂರು ನಾಲ್ಕು ಸಲ ಸೊಪ್ಪು, ತಿನ್ನುವವರಿಗೆ ಮೊಟ್ಟೆ, ಮೀನು, ಇಲ್ಲದವರಿಗೆ ಹಾಲು, ಮೊಸರು. ಸಸ್ಯಾಹಾರಿಗಳಿಗೆ 'ಬಿ-12' ಸಿಗುವುದು ಹಾಲು ಮೊಸರಿನಿಂದಲೇ ಆದ್ದರಿಂದ ಅದನ್ನು ಬಿಡಬಾರದು.

ಸೊಪ್ಪು, ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತಬೇಕಾದರೆ ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇರಲಿ. ಊಟ ಆದ ಕೂಡಲೇ ಕಾಫಿ, ಚಹಾ ಬೇಡ. ಒಂದು ಗಂಟೆಯಾದರೂ ಕಳೆಯಲಿ.

ಮಾತ್ರೆ ಕೊಳ್ಳುವ ಮುನ್ನ

1. ಕೂದಲು ಬುಡದಿಂದ ಉದುರುತ್ತಿದೆಯೋ, ನಡುವೆ ತುಂಡಾಗುತ್ತಿದೆಯೋ ನೋಡಿ.

2. ಉದುರುವುದು ಮೂರು ತಿಂಗಳು ದಾಟಿದರೆ, ಜೊತೆಗೆ ಸುಸ್ತು, ಮುಟ್ಟಿನ ಏರುಪೇರು, ತೂಕ ಏರುವುದು, ಚಳಿ ತಾಳಲಾಗದಿರುವುದು ಇದ್ದರೆ ವೈದ್ಯರನ್ನು ಕಾಣಿ. ಪರೀಕ್ಷೆ ಮೊದಲು, ಮಾತ್ರೆ ಆಮೇಲೆ.

3. ಡಬ್ಬಿಯ ಚೀಟಿ ಓದಿ. ನಮ್ಮ ದೇಶದಲ್ಲಿ ಇವು ಆಹಾರದ ವರ್ಗಕ್ಕೆ ಸೇರಿದ ಪೂರಕಗಳು. 'ಔಷಧೀಯ ಬಳಕೆಗಲ್ಲ' ಎಂದು ಅದರ ಮೇಲೇ ಬರೆದಿರಬೇಕೆಂಬ ನಿಯಮವಿದೆ.

4. ಬಸುರಿಯರು, ಬಾಣಂತಿಯರು, ಥೈರಾಯ್ಡ್, ಮೂತ್ರಪಿಂಡದ ಕಾಯಿಲೆಯವರು, ಅಪಸ್ಮಾರದ ಔಷಧಿ ಸೇವಿಸುವವರು ತಾವಾಗಿ ಯಾವುದನ್ನೂ ಶುರು ಮಾಡಬಾರದು.

5. ಯಾವ ರಕ್ತಪರೀಕ್ಷೆಗೆ ಹೋದರೂ ನುಂಗುತ್ತಿರುವ ಪೂರಕಗಳ ಹೆಸರು ಹೇಳಿ.

6. ವಾರಕ್ಕೊಮ್ಮೆ ಎಣ್ಣೆ ಹಚ್ಚಿ. ತೊಳೆದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ. ಬಿಗಿ ಜಡೆ, ಬಿಸಿ ಇಸ್ತ್ರಿ, ಬಣ್ಣ ಬೇಡ. ಎರಡು ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಾ ಬನ್ನಿ.

ಓದುಗರು ಕೇಳಬಹುದಾದ ಪ್ರಶ್ನೆಗಳು

*ಕೊಲಾಜೆನ್ ಪುಡಿ ಹಾಲಿಗೆ ಬೆರೆಸಿ ಕುಡಿದರೆ ಕೂದಲು ಗಟ್ಟಿಯಾಗುತ್ತದೆಯೆ?*

ಕೊಲಾಜೆನ್ ಒಂದು ಪ್ರೋಟೀನ್. ಹೊಟ್ಟೆಯಲ್ಲಿ ಅದು ಬೇಳೆ, ಮೊಟ್ಟೆಯ ಪ್ರೋಟೀನಿನಂತೆಯೇ ಚೂರುಚೂರಾಗಿ ಜೀರ್ಣವಾಗುತ್ತದೆ, ನೇರವಾಗಿ ಕೂದಲಿಗೆ ಹೋಗಿ ಕೂರುವುದಿಲ್ಲ. ಅದನ್ನು ತೆಗೆಯುವುದು ಮೀನು, ದನ, ಹಂದಿಯ ಚರ್ಮ ಮತ್ತು ಮೂಳೆಗಳಿಂದ. ಸಸ್ಯಾಹಾರಿ ಮನೆಯವರು ಚೀಟಿಯಲ್ಲಿರುವ ಗುರುತನ್ನು ನೋಡಿ ಕೊಳ್ಳಬೇಕು.

*ಬಾಣಂತನದಲ್ಲಿ ಕೂದಲು ತುಂಬಾ ಉದುರುತ್ತಿದೆ. ಅರ್ಧ ನೇರ, ಅರ್ಧ ಗುಂಗುರು ಇದೆ. ಬಯೋಟಿನ್ ತೆಗೆದುಕೊಳ್ಳಲೆ?*

ಹೆರಿಗೆಯಾದ ಎರಡರಿಂದ ನಾಲ್ಕು ತಿಂಗಳಲ್ಲಿ ಕೂದಲು ಉದುರುವುದು ಸಹಜ. ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ವೈದ್ಯರು ಕೊಟ್ಟ ಕಬ್ಬಿಣ, ಸುಣ್ಣದಂಶದ ಮಾತ್ರೆಗಳನ್ನು ತಪ್ಪಿಸಬೇಡಿ. ಅವುಗಳ ಮೇಲೆ ಬೇರೆಯದನ್ನು ಸೇರಿಸುವ ಮುನ್ನ ಅವರನ್ನೇ ಕೇಳಿ.

*ಕೊಬ್ಬರಿ ಎಣ್ಣೆ, ಗರಗದ ಸೊಪ್ಪಿನ ಎಣ್ಣೆಯಿಂದ ಸುರುಳಿ ಬೇಗ ಬರುತ್ತದೆಯೆ?*

ಸುರುಳಿ ತರುವ ಎಣ್ಣೆ ಇಲ್ಲ. ಆದರೆ ಕೊಬ್ಬರಿ ಎಣ್ಣೆ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ. ತುಂಡಾಗುವ ಕೂದಲಿಗೆ ಇದು ಒಳ್ಳೆಯ ರಕ್ಷಣೆ.

*ಮೊದಲಿದ್ದಷ್ಟೇ ಗುಂಗುರು ಮರಳುತ್ತದೆಯೆ?*

ಬಹುಮಟ್ಟಿಗೆ ಮರಳುತ್ತದೆ. ಹದಿನೈದರಲ್ಲಿ ನೇರ ಮಾಡಿಸಿದವರಿಗೆ ಇಪ್ಪತ್ತೈದರಲ್ಲಿ ಬರುವ ಕೂದಲು ಸ್ವಲ್ಪ ಬೇರೆಯಾಗಿರಬಹುದು, ಏಕೆಂದರೆ ಆ ಹತ್ತು ವರ್ಷದಲ್ಲಿ ದೇಹವೂ ಬದಲಾಗಿದೆ. ನೆತ್ತಿಯಲ್ಲಿ ಸುಟ್ಟ ಕಲೆಯಾಗಿ ಕೂದಲೇ ಬಾರದ ಜಾಗವಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಅರ್ಧ ಗುಂಗುರು, ಅರ್ಧ ನೇರ ಕೂದಲಿನ ಹುಡುಗಿಯನ್ನು "ಇದೇನು ಕಾಗೆಗೂಡು?" ಎಂದು ನಗೆಯಾಡಬೇಡಿ. ಅವಳನ್ನು ಪಾರ್ಲರಿಗೂ ಮಾತ್ರೆಯ ಡಬ್ಬಿಗೂ ಮತ್ತೆ ಅಟ್ಟುವುದು ಹೆಚ್ಚಾಗಿ ಇಂಥ ಮಾತುಗಳೇ. ಅವಳಿಗೆ ಬೇಕಿರುವುದು ಹೊಟ್ಟೆ ತುಂಬ ಸತ್ವದ ಊಟ, ಒಂದು ಸಲ ರಕ್ತಪರೀಕ್ಷೆ, ಎರಡು ವರ್ಷದ ತಾಳ್ಮೆ.